ಯಾರ ಮನೆಯ ಹೆಪ್ಪು?

ಮನುಷ್ಯನ ಮುಖ ಸುಟ್ಟಾಗ ಎಂಥ ವಾಸನೆ ಬರುತ್ತದೆಂದು ಇಡೀ ಹುಬ್ಬಳ್ಳಿಯಲ್ಲಿ ಚೆನ್ನಾಗಿ ಬಲ್ಲವಳು ನಾನೇ ಇರಬೇಕು. ಮೊದಲು ಕೂದಲು ಸುಟ್ಟ ಕಮಟು, ಅದರ ಹಿಂದೆ ಒಲೆಯ ಮೇಲೆ ಮರೆತ ಹಾಲಿನ ಕರಕು, ಕೊನೆಗೆ ನಾಲಗೆಯ ಬುಡಕ್ಕೆ ಬಂದು ಕೂರುವ ಒಂದು ಸಿಹಿ. ಆ ಸಿಹಿಯೇ ನನಗೆ ಅಸಹ್ಯ. ಸುಟ್ಟದ್ದು ಕೆಟ್ಟದಾಗಿ ನಾರಲಿ, ಸಹಿಸಿಕೊಳ್ಳಬಹುದು. ಸಿಹಿಯಾಗಿ ನಾರಿದರೆ ಮಧ್ಯಾಹ್ನದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮ ಗಿರಾಕಿಗಳಿಗೆ ಈ ವಾಸನೆ ಗೊತ್ತಿಲ್ಲ. ಅವರನ್ನು ಕುರ್ಚಿಯಲ್ಲಿ ಒರಗಿಸಿದ ಕೂಡಲೇ ಮೂಗಿಗೆ ಗಂಧದ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಪಟ್ಟಿ ಕಟ್ಟುತ್ತೇವೆ. ಮುಖಕ್ಕೆ ಮರಗಟ್ಟಿಸುವ ಮುಲಾಮು, ಕಣ್ಣಿಗೆ ಉಕ್ಕಿನ ಮುಚ್ಚಳ, ಕಿವಿಗೆ ಕೊಳಲಿನ ನಾದ. ಎದ್ದಾಗ ಯಾವುದೋ ತೋಟದಲ್ಲಿ ನಿದ್ದೆ ಮಾಡಿ ಬಂದವರ ಹಾಗೆ ಮೈ ಮುರಿಯುತ್ತಾರೆ. ಹೊಗೆ ಮಾತ್ರ ನನ್ನ ಪಾಲಿಗೆ ಉಳಿಯುತ್ತದೆ.

ವಿದ್ಯಾನಗರದ ಈ ಚಿಕಿತ್ಸಾಲಯದ ಹೆಸರು ತ್ವಚಾಲಯ. ದೇವಾಲಯಕ್ಕೆ ಪ್ರಾಸ ಕೂಡಲಿ ಎಂದು ಮಾಲೀಕರಾದ ಡಾ. ಉಮಾಕಾಂತ ನಾಡಗೌಡರೇ ಇಟ್ಟದ್ದು. ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಗಿರಾಕಿಗಳ ಮುಂದೆ 'ತೊಗಲು' ಅನ್ನಬಾರದು. 'ಚರ್ಮ' ಎಂದರೆ ಸರಕಾರಿ ಆಸ್ಪತ್ರೆಯ ಹುರುಕು ಕಜ್ಜಿ ನೆನಪಾಗುತ್ತದಂತೆ, ಅದೂ ಬೇಡ. 'ತ್ವಚೆ' ಎನ್ನಬೇಕು. ಇರುವುದು ಒಂದೇ ವಸ್ತು. ದನದ ಮೇಲಿದ್ದರೆ ತೊಗಲು, ಬಡವರ ಮೇಲಿದ್ದರೆ ಚರ್ಮ, ಇಲ್ಲಿಗೆ ಬಂದವರ ಮೇಲಿದ್ದರೆ ತ್ವಚೆ. ನನ್ನ ಮನೆತನದವರು ತಲೆತಲಾಂತರದಿಂದ ತೊಗಲು ಹದ ಮಾಡಿದವರು. ನಾನು ತ್ವಚೆ ಹದ ಮಾಡುತ್ತೇನೆ. ಬಡ್ತಿ ಸಿಕ್ಕಿದೆ ಅನ್ನಿ.

ನನ್ನ ಹೆಸರು ಕಸ್ತೂರಿ. ಜೀವಕೋಶಗಳನ್ನು ಗಾಜಿನ ಬುರುಡೆಯಲ್ಲಿ ಸಾಕಿ ಬೆಳೆಸುವ ವಿದ್ಯೆಯಲ್ಲಿ ಡಾಕ್ಟರೇಟ್ ಮಾಡಿದವಳು. ತೊಗಲು ಕೊಳೆಹಾಕಿದ ಮನೆಯಲ್ಲಿ ಹುಟ್ಟಿದ ಕೂಸಿಗೆ ಈ ಹೆಸರಿಟ್ಟವಳು ನನ್ನ ಆಯಿ, ಎಂದರೆ ಅಪ್ಪನ ತಾಯಿ, ಗಂಗವ್ವ. "ಮಂದಿ ಹೆಂಗೂ ಮೂಗ ಮುಚಗೊಂಡ ಕರೀತಾರ, ಕರದಾಗರ ಘಮ್ ಅನ್ಲಿ" ಎಂದಿದ್ದಳಂತೆ.

ಇದು ಮುಖದ ನೆರಿಗೆಗೆ ಮಾಫಿ ಇಲ್ಲದ ಕಾಲ. ನೆರಿಗೆ ಇಟ್ಟುಕೊಂಡು ಮದುವೆಮನೆಗೆ ಬಂದರೆ ತಲೆ ಬಾಚದೆ ಬಂದಷ್ಟೇ ಅವಮಾನ. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಂದ ಹಿಡಿದು ಪುರಾಣ ಹೇಳುವವರ ತನಕ ಎಲ್ಲರೂ ವರ್ಷಕ್ಕೊಮ್ಮೆ ಮುಖ ಸುಡಿಸಿಕೊಳ್ಳುತ್ತಾರೆ. ಲೇಸರ್ ಮಾಡುವ ಕೆಲಸವೇನೋ ಸರಳ. ಅದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು, ನೀರು ಕಂಡಲ್ಲಿ ನುಗ್ಗುವ ಬೆಳಕು. ಜೀವಕೋಶದೊಳಗೆ ಇರುವುದು ಬಹುಪಾಲು ನೀರೇ. ಬೆಳಕು ಬಿದ್ದೊಡನೆ ಆ ನೀರು ಕುದಿದು ಆವಿಯಾಗುತ್ತದೆ, ಕೋಶ ಸಿಡಿದು ಹೊಗೆಯಾಗುತ್ತದೆ. ಹೀಗೆ ಮೇಲ್ಪದರವನ್ನು ಹೆರೆಯುತ್ತ ಹೋದರೆ ನೆರಿಗೆ, ಮೊಡವೆಯ ಕುಳಿ, ಬಂಗು ಎಲ್ಲ ಹೋಗಿ ಕೆಳಗಿನ ಕೆಂಪು ಕಾಣುತ್ತದೆ. ಹಿಂದೆಲ್ಲ ಆ ಕೆಂಪು ಮಾಯಲು ವಾರಗಟ್ಟಲೆ ಬೇಕಿತ್ತು. ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕೀವು ಒರೆಸಿಕೊಳ್ಳುತ್ತ ಮನೆಯಲ್ಲಿ ಅಡಗಿರುತ್ತಿದ್ದರು. ನಾವು ಸುಟ್ಟ ಕೂಡಲೇ ಆ ಹಸಿ ಮುಖದ ಮೇಲೆ ಜೀವಂತ ಕೋಶಗಳ ದ್ರವವನ್ನು ಮಂಜಿನಂತೆ ಸಿಂಪಡಿಸುತ್ತೇವೆ. ಸಂಜೆ ಸಿಂಪಡಿಸಿದರೆ ಬೆಳಗಾಗುವಷ್ಟರಲ್ಲಿ ಹೊಸ ಚರ್ಮ ಕಟ್ಟಿರುತ್ತದೆ.

ಈ ದ್ರವದ ಅಧಿಕೃತ ಹೆಸರು ಕೋಶಾಮೃತ. ಪ್ರಯೋಗಾಲಯದಲ್ಲಿ ನಾವು ಕರೆಯುತ್ತಿದ್ದದ್ದು ಹೆಪ್ಪು. ಹಾಲಿಗೆ ಒಂದು ಚಮಚ ಮೊಸರು ಬಿಟ್ಟರೆ ಬೆಳಿಗ್ಗೆ ಇಡೀ ಪಾತ್ರೆ ಮೊಸರಾಗುವುದಿಲ್ಲವೆ, ಹಾಗೆ. ಅಡುಗೆಮನೆಯ ಮಾತು, ಬಾಯಿಗೆ ಹಗುರ. ಆ ಒಂದು ಮಾತು ಮುಂದೆ ಎಂಥ ರಾಡಿ ಎಬ್ಬಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಹೆಪ್ಪು ಸುಲಭಕ್ಕೆ ಸಿಕ್ಕಿದ್ದಲ್ಲ. ಪ್ರತಿ ಜೀವಕೋಶದ ಮೈಮೇಲೂ ತಾನು ಯಾರದೆಂದು ಹೇಳುವ ಒಂದು ಗುರುತಿನ ಚೀಟಿ ಇರುತ್ತದೆ. ಬೇರೆಯವರ ಕೋಶ ತಂದು ಹಚ್ಚಿದರೆ ನಮ್ಮ ಮೈ ಆ ಚೀಟಿ ಓದಿ, 'ಇದು ನಮ್ಮ ಪೈಕಿ ಅಲ್ಲ' ಎಂದು ಅದನ್ನು ಕೊಂದು ಹಾಕುತ್ತದೆ. ಯಾರು ಯಾರ ಕೋಶ ತಂದು ಬೆಳೆಸಿದರೂ ಹೀಗೇ ಆಯಿತು. ನಾಡಗೌಡರ ಕೋಶ ಹಾಕಿದೆವು, ಕೊಳೆತು ಉದುರಿತು. ನನ್ನದೂ ಉದುರಿತು. ಕೊನೆಗೆ ಸುಮ್ಮನೆ ನೋಡೋಣವೆಂದು ಆಯಿಯ ಎಡಗೈಯ ಒಳಬದಿಯಿಂದ ಉಗುರಿನಷ್ಟು ಚರ್ಮ ತಂದೆ. ಅದು ಹಾಕಿದಲ್ಲೆಲ್ಲ ಕಟ್ಟಿತು. ಅವಳ ಕೈಯ ಆ ಅಂಗೈಯಗಲದ ಜಾಗದಲ್ಲಿ ಮಾತ್ರ ಹುಟ್ಟುವ ಕೋಶಗಳ ಮೇಲೆ, ಯಾವ ಕಾರಣಕ್ಕೋ ಏನೋ, ಗುರುತಿನ ಚೀಟಿಯೇ ಇರಲಿಲ್ಲ. ಯಾವ ಮೈಯೂ ಅದನ್ನು 'ನೀನು ಯಾರ ಪೈಕಿ' ಎಂದು ಕೇಳಲಿಲ್ಲ.

ಆಯಿಯೂ ನಾನೂ ಹಳೇ ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ ಇದ್ದೇವೆ. ಮೊದಲ ಸಲ ಚರ್ಮ ತೆಗೆದಾಗ ಆಯಿ ಎಲೆ ಅಡಿಕೆ ಅಗಿಯುತ್ತ ಕೈ ಚಾಚಿ ಕೂತಿದ್ದಳು.

"ಇಷ್ಟ ತೊಗಲಿಗೆ ಯಾರ ಕಾಲಿಗೆ ಚಪ್ಲಿ ಹೊಲಿತೀಯವಾ?"

"ಕಾಲಿಗಲ್ಲ ಆಯಿ, ಮಾರಿಗೆ. ದೊಡ್ಡ ಮಂದಿ ಮಾರಿ ಮ್ಯಾಲ ಬೆಳಸ್ತೀವಿ."

ಆಯಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ಕೆಮ್ಮು ಬರುವ ತನಕ ನಕ್ಕಳು. "ತೊಗಲ ನೆನಸೂ ಸುಣ್ಣದ ಗುಂಡಿಯಾಗ ಕೈ ಹಾಕಿ ಹಾಕಿ ನನ್ನ ಉಗುರ ಉದುರಿದ್ವು. ಓಣ್ಯಾಗ ಹೊಂಟ್ರ ಮಂದಿ ಮಾರಿಗೆ ಸೆರಗ ಹಿಡೀತಿದ್ರು. ಈಗ ಅದ ಮಾರಿಗೆ ನನ್ನ ತೊಗಲ ಬೇಕಾತಾ? ತಗೋ ತಗೋ, ನಿಂಗ ಬ್ಯಾಡಂದೆನೇನ?" ಎಂದಳು. ಆ ನಗು ಕಂಡು ನನಗೂ ಖುಷಿಯಾಗಿತ್ತು.

ಹೆಪ್ಪಿಗೂ ಆಯುಷ್ಯ ಇರುತ್ತದೆ. ಕೋಶಗಳು ಇಷ್ಟು ಸಲ ಮರಿ ಹಾಕಿದ ಮೇಲೆ ದಣಿಯುತ್ತವೆ, ಹಳೆಯ ಮೊಸರು ಹುಳಿಯಾದ ಹಾಗೆ. ಆಗ ಆಯಿಯ ಕೈಯಿಂದ ಮತ್ತೆ ತುಸು ತರಬೇಕು. ವರ್ಷ ಕಳೆದಂತೆ ಅವಳ ಎಡಗೈಯ ಒಳಬದಿ ಚಪ್ಪಲಿ ಹೊಲಿಯುವವರ ಕೆತ್ತುಬಿದ್ದ ಹಲಗೆಯ ಹಾಗಾಯಿತು.

ಅಂಥದರಲ್ಲಿ ಒಂದು ದಿನ ವನಮಾಲಾ ಇನಾಮದಾರ ಬಂದರು. ದೇಶಪಾಂಡೆ ನಗರದ ದೊಡ್ಡ ಮನೆಯವರು, ಐವತ್ತು ದಾಟಿದವರು, ಮಗಳ ಮದುವೆ ಗೊತ್ತಾಗಿತ್ತು. ಲೇಸರ್ ಎಂದರೆ ಹೆದರಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದರು. ಅವರಿಗೆ ಸಮಾಧಾನ ಹೇಳಲು ನಮ್ಮ ಸ್ವಾಗತಕಾರಿಣಿ ಶೈಲಾ ಬಾಯಿ ಬಿಟ್ಟಳು.

"ಹೆದರಬ್ಯಾಡ್ರಿ ಅಕ್ಕಾರ. ಹಾಲಿಗೆ ಹೆಪ್ಪು ಹಾಕಿದಂಗ ಅಷ್ಟ. ಮುಂಜಾನೆ ಅನ್ನೂದ್ರಾಗ ಗಟ್ಟಿ ಕೆನಿ ಕಟ್ಟತದ."

ವನಮಾಲಾಬಾಯಿ ಅರ್ಧ ಎದ್ದು ಕೂತರು.

"ಹೆಪ್ಪು? ಯಾರ ಮನಿ ಹೆಪ್ಪು?"

ಕೋಶಾಮೃತ ಎಂದಿದ್ದರೆ ಅವರು ಕೇಳುತ್ತಿರಲಿಲ್ಲ. ಔಷಧಕ್ಕೆ ಜಾತಿ ಇಲ್ಲ, ಬಾಟಲಿಯಿಂದ ಬಂದದ್ದೆಲ್ಲ ಗಂಗೆ. ಆದರೆ ಹೆಪ್ಪು ಎಂದ ಕೂಡಲೇ ನಮ್ಮ ಜನಕ್ಕೆ ನೆರೆಮನೆ ಕಣ್ಣಿಗೆ ಕಟ್ಟುತ್ತದೆ. ಯಾರ ಮನೆಯಿಂದ ತರಬಹುದು, ಯಾರ ಮನೆಯಿಂದ ತರಬಾರದು, ಇದು ಹೆಣ್ಣುಮಕ್ಕಳಿಗೆ ಹಾಲು ಕಾಯಿಸುವುದರ ಜೊತೆಗೇ ಕಲಿಸಿದ ಪಾಠ. ಮೈ ಕೇಳದ ಪ್ರಶ್ನೆಯನ್ನು ಬಾಯಿ ಕೇಳಿತು.

ಅವರು ಅಂದು ಹಾಗೇ ಎದ್ದು ಹೋದರು. ಹೋದವರು ಸುಮ್ಮನಿರಲಿಲ್ಲ. ವಾರದೊಳಗೆ ಊರಿನ ಎಲ್ಲ ಮಹಿಳಾ ಮಂಡಳಗಳಲ್ಲಿ ಅದೇ ಮಾತು. ನಮ್ಮ ಫೋನು ಬಿಸಿಯಾಯಿತು. "ಈಗಾಗ್ಲೇ ನಂಗ ಹಾಕಿದ್ದು ಯಾರ ಮನಿದ್ರೀ?" "ನಮಗ ನಮ್ಮವರದ ಬೇಕ್ರಿ." "ಮಾಂಸ ತಿನ್ನೋರದ್ದಲ್ಲ ಹೌದಲ್ಲೋ?" ಇದರಲ್ಲಿ ಮೇಲಿನವರು ಕೆಳಗಿನವರು ಎಂಬ ಭೇದ ಇರಲಿಲ್ಲ, ಎಲ್ಲ ಪಂಗಡದವರೂ ತಮಗಿಂತ ಕೆಳಗೆ ಒಬ್ಬರನ್ನು ಹುಡುಕಿ, ಅವರದು ಮಾತ್ರ ಬೇಡ ಎಂದರು. ನನಗೆ ಆ ದಿನಗಳಲ್ಲಿ ಹೊಗೆಯ ವಾಸನೆಗಿಂತ ಫೋನಿನ ವಾಸನೆಯೇ ಹೆಚ್ಚು ಕೆಟ್ಟದೆನಿಸಿತು.

ನಾಡಗೌಡರು ಮಾತ್ರ ಖುಷಿಯಾಗಿದ್ದರು. "ನೋಡ್ರಿ ಕಸ್ತೂರಿ ಅವರ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂದು ಕೈ ತಿಕ್ಕಿಕೊಂಡರು. ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಗೂಡುಗಳಾದವು. ಬಣ್ಣ ಬಣ್ಣದ ಮುಚ್ಚಳದ ಶೀಶೆಗಳು ಬಂದವು. ಒಂದೊಂದು ಬಣ್ಣ ಒಂದೊಂದು ಮನೆತನಕ್ಕೆ. ಜಾಹೀರಾತಿನಲ್ಲಿ ಜಾತಿಯ ಹೆಸರಿಲ್ಲ, 'ನಿಮ್ಮ ಪರಂಪರೆಯ ತ್ವಚೆ' ಎಂದಷ್ಟೇ. ಬಿಳಿ ಮುಚ್ಚಳದ ಶೀಶೆಯನ್ನು ಮಡಿ ಹೆಪ್ಪು ಎಂದು ಕರೆದರು. ಅದನ್ನು ಮುಟ್ಟುವ ಹುಡುಗಿ ತಲೆಸ್ನಾನ ಮಾಡಿರಬೇಕು, ತಿಂಗಳ ಮುಟ್ಟಿನಲ್ಲಿ ಇರಬಾರದು. ಬೆಳಿಗ್ಗೆ ಬಂದು ಒಂದೇ ಬುರುಡೆಯಿಂದ ಅಷ್ಟೂ ಶೀಶೆಗಳಿಗೆ ಆಯಿಯ ಹೆಪ್ಪನ್ನು ಹೊಯ್ಯುತ್ತಿದ್ದವಳು ನಾನು. ಕೈ ತೊಳೆದಷ್ಟೂ ತೊಳೆಯಬೇಕೆನಿಸುತ್ತಿತ್ತು.

ವನಮಾಲಾಬಾಯಿ ಮರಳಿ ಬಂದರು, ಆದರೆ ಅವರದು ಬೇರೆಯೇ ಹಟ.

"ನಿಮ್ಮ ಶೀಶೆ ಮ್ಯಾಲ ನಂಗ ನಂಬಿಕಿ ಇಲ್ಲ. ನಮ್ಮವ್ವ ಮನ್ಯಾಗ ಇದ್ದಾಳ, ಹಾಸಿಗಿ ಹಿಡದಾಳ. ಆಕಿದ ತಗೋರಿ. ನಂಗ ನಮ್ಮವ್ವನ ಹೆಪ್ಪ ಬೇಕು."

ನಾನು ಅವರ ಮನೆಗೆ ಹೋದೆ. ಆ ತಾಯಿ ಗುಬ್ಬಚ್ಚಿಯಷ್ಟಿದ್ದರು. ಕೈ ಹಿಡಿದಾಗ ನನ್ನನ್ನು ಮೊಮ್ಮಗಳೆಂದುಕೊಂಡು "ಉಂಡೇನವಾ?" ಎಂದರು. ವನಮಾಲಾಬಾಯಿ ತಾಯಿಯ ತಲೆ ಸವರುತ್ತ ನಿಂತಿದ್ದರು, ಕಣ್ಣು ತುಂಬಿತ್ತು. ನನಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟರು, ಹೊರಡುವಾಗ ಅಂಟಿನುಂಡಿ ಕಟ್ಟಿಕೊಟ್ಟರು. ಸಿಡುಕಬೇಕೆಂದು ಹೋದವಳಿಗೆ ಸಿಡುಕಲು ಜಾಗವೇ ಸಿಗಲಿಲ್ಲ.

ಆ ತಾಯಿಯ ಚರ್ಮ ಬುರುಡೆಯಲ್ಲಿ ಚಿಗುರಲಿಲ್ಲ. ಅವರ ವಯಸ್ಸಿಗೆ ಅದು ಸಹಜ. ಹೇಳೋಣವೆಂದು ನಾಡಗೌಡರ ಬಳಿ ಹೋದರೆ ಅವರು ತಲೆಯೆತ್ತದೆ, "ನಮ್ಮದ ಹಾಕ್ರಿ. ನೀವ ಹೇಳಲಿಲ್ಲಂದ್ರ ಮುಖ ಹೇಳತದೇನು?" ಎಂದರು. ಆ ತಾಯಿಯ ಉಗುರಿನಗಲದ ಚರ್ಮ ಹಳದಿ ಚೀಲದ ಕಸದ ತೊಟ್ಟಿಗೆ ಹೋಯಿತು. ವನಮಾಲಾಬಾಯಿಯ ಮುಖದ ಮೇಲೆ ಆಯಿ ಕಟ್ಟಿದಳು. ಮರುದಿನ ಕನ್ನಡಿ ನೋಡಿ ಅವರು ಬಿಕ್ಕಿ ಬಿಕ್ಕಿ ಅತ್ತರು. "ನಮ್ಮವ್ವ ಸಣ್ಣಾಕಿ ಇದ್ದಾಗ ಹಿಂಗ ಇದ್ಲರಿ. ಥೇಟ್ ಹಿಂಗ." ಅದಾದ ಕೆಲವು ತಿಂಗಳಿಗೆ ಆ ತಾಯಿ ತೀರಿಕೊಂಡರೆಂದು ಕೇಳಿದೆ.

ಲಗ್ನದ ಸೀಸನ್ನು ಬಂತು. ಬಣ್ಣದ ಶೀಶೆಗಳಿಗೆ ಸಾಲು ನಿಂತಿತು. ಅದೇ ಹೊತ್ತಿಗೆ ಮನೆಯಲ್ಲಿ ಆಯಿಯ ಕೈ ಕೆಟ್ಟಿತು. ಕಳೆದ ಸಲ ಚರ್ಮ ತೆಗೆದ ಜಾಗ ಮಾಯಲೇ ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ನಾನು ಅದಕ್ಕೆ ಹೆದರಿ ಇನ್ನು ಮುಂದೆ ತೆಗೆಯುವುದಿಲ್ಲ ಎಂದು ನಾಡಗೌಡರಿಗೆ ಹೇಳಿಯೂ ಆಗಿತ್ತು. ಆದರೆ ಗಾಯ ನನ್ನ ಮಾತಿಗೆ ಕಾಯಲಿಲ್ಲ. ಹಳದಿ ನೀರು ಒಸರಿತು, ಅಂಚು ಕಪ್ಪಾಯಿತು, ಪಟ್ಟಿ ಬಿಚ್ಚಿದರೆ ಕೋಣೆಯಲ್ಲಿ ನಿಲ್ಲಲಾಗದ ನಾತ. ಆಯಿಯೇ ಮೂಗು ಮುರಿದು, "ಕೊಳಿಹಾಕಿದ್ದ ತೊಗಲ ಉಸಾಬರಿ ಮಾಡದ ಬಿಟ್ರ ಹಿಂಗ ನಾರತೈತಿ ನೋಡು" ಎಂದಳು.

ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯರು ಕೊಳೆತದ್ದನ್ನು ಕೆರೆದು ತೆಗೆದರು. "ಈ ಹಸಿ ಜಾಗ ತೆರೆದೇ ಇದ್ದರೆ ನಂಜು ಮೇಲೇರುತ್ತದೆ. ಮೇಲೆ ಚರ್ಮ ಕೂರಿಸಬೇಕು. ಅವರದೇ ಚರ್ಮ ಬೇಕು, ಆದರೆ ಎಲ್ಲಿಂದ ತೆಗೆಯಲಿ? ಮೈಮೇಲಿನದೆಲ್ಲ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದೆ, ತೆಗೆದಲ್ಲಿ ಇನ್ನೊಂದು ಹುಣ್ಣಾಗುತ್ತದೆ. ಬೇರೆಯವರದು ಹಚ್ಚಿದರೆ ಅವರ ಮೈ ಒಪ್ಪುವುದಿಲ್ಲ. ಈ ವಾರ ಏನೂ ಆಗದಿದ್ದರೆ ಕೈ ತೆಗೆಯಬೇಕಾಗುತ್ತದೆ" ಎಂದರು.

ಆಯಿಗೆ ಇದು ಅರ್ಥವಾಯಿತು. "ಈ ಕೈಲೆ ಊರ ಮಂದಿ ಕಾಲ ಮುಚ್ಚೇನಿ. ಕೈ ಇಲ್ಲದ ಹೆಣ ಆಗಂಗಿಲ್ಲ ನಾ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಯಾವುದಕ್ಕೂ ಹೆದರದವಳು. ಅವಳ ಬೆನ್ನು ನಡುಗುತ್ತಿರುವುದನ್ನು ಅಂದು ಮೊದಲ ಸಲ ಕಂಡೆ.

ನನಗೆ ಬುರುಡೆ ನೆನಪಾಯಿತು. ಆಯಿಯ ಕೋಶ ಆಯಿಗೇ ಹಾಕಿದರಾಯಿತು, ಇಷ್ಟು ಸುಲಭ! ಆಟೋ ಹಿಡಿದು ತ್ವಚಾಲಯಕ್ಕೆ ಓಡಿದೆ. ಫ್ರಿಜ್ಜಿನ ಗೂಡುಗಳಲ್ಲಿ ಬಣ್ಣದ ಮುಚ್ಚಳಗಳಿದ್ದವು, ಶೀಶೆಗಳು ಖಾಲಿ. ಒಳ್ಳೆಯ ಹೆಪ್ಪನ್ನೆಲ್ಲ ನಾನು ಆಯಿಯ ಆರೈಕೆಗೆ ರಜೆಯಲ್ಲಿದ್ದಾಗ ನಾಡಗೌಡರು ಲಗ್ನದ ಮುಖಗಳಿಗೆ ಸಿಂಪಡಿಸಿ ಮುಗಿಸಿದ್ದರು. ತಳದಲ್ಲಿ ಉಳಿದದ್ದು ಹುಳಿ ಹತ್ತಿದ, ದಣಿದ, ಸತ್ತ ಕೋಶಗಳ ಗಸಿ.

"ನನಗರ ಏನ್ ಗೊತ್ತಿತ್ರೀ?" ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಅದಕ್ಯಾಕ ಅಷ್ಟ ಚಿಂತಿ? ನಿಮ್ಮ ಮುತ್ತ್ಯಾನ ಕಾಲದ ಆಸ್ತಿ ಊರ ತುಂಬ ಓಡ್ಯಾಡಲಿಕತ್ತದ. ಯಾರನ್ನರ ಟಚಪ್ ಅಂತ ಕರಸ್ರಿ. ಕಿವಿ ಹಿಂದಿಂದ ಒಂದೀಟು ಕೆತಗೋರಿ. ಮೂಗಿಗೆ ಪಟ್ಟಿ ಕಟ್ಟಿದ ಮಂದಿ, ಯಾರಿಗೆ ತಿಳೀತದ?" ಎಂದು ನಕ್ಕರು.

ಅವರು ಹೇಳಿದ್ದರಲ್ಲಿ ನಿಜವಿತ್ತು. ಆಯಿಯ ಮೈಮೇಲೆ ಇಲ್ಲದ ಆಯಿಯ ಚರ್ಮ, ಊಟ ತಿಂಡಿಗೆ ಕಡಿಮೆಯಿಲ್ಲದ ಮುಖಗಳ ಮೇಲೆ ದಪ್ಪವಾಗಿ, ಮಿರಮಿರನೆ ಬೆಳೆದಿತ್ತು. ವೀಳ್ಯದೆಲೆಯಗಲ ಸಾಕು. ನನ್ನ ಅವಸರಕ್ಕೆ ನಾನು ಕದ್ದೇಬಿಡುತ್ತಿದ್ದೆನೋ ಏನೋ. ಆಯಿಗೆ ಹೇಳಿದಾಗ ಅವಳು ಗೋಡೆಯಿಂದ ಈಚೆಗೆ ತಿರುಗಿದಳು.

"ಹೆಪ್ಪ ಕದ್ದ ತಂದ್ರ ಹಾಲ ಒಡಿತೈತಿ. ಹೋಗಿ ಬಾಗಲದಾಗ ನಿಂತ ಕೇಳು. ಕೊಟ್ಟ ಮನಿಗೆ ಹೆಪ್ಪ ತಪ್ಪಿದ್ರ ಇಸಕೊಂಡ ಮನ್ಯಾರು ಕೊಡಬೇಕು. ಅದು ರೂಢಿ. ಕೇಳಾಕ ಏನ ನಾಚಿಕಿ?"

ರೂಢಿಯೇನೋ ಹೌದು. ಯಾವ ಮನೆಯ ಹೆಪ್ಪು ಕೆಟ್ಟರೂ, ಹಿಂದೆ ತಾವು ಕೊಟ್ಟಿದ್ದ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ. ಆದರೆ ಕೊಟ್ಟವಳು ಯಾರೆಂದು ತೆಗೆದುಕೊಂಡ ಮನೆಗೇ ಗೊತ್ತಿಲ್ಲದ ಹೆಪ್ಪು ಇದು. ಯಾರ ಬಾಗಿಲಿಗೆ ಹೋಗಲಿ? ನನಗೆ ಉಂಡಿ ಕಟ್ಟಿಕೊಟ್ಟದ್ದು ಒಂದೇ ಬಾಗಿಲು.

ವನಮಾಲಾಬಾಯಿ ಸೋಫಾದ ಮೇಲೆ ಕೂತಿದ್ದರು. ತಾಯಿಯ ಫೋಟೋಗೆ ಹಾರ ಹಾಕಿತ್ತು. ಮಾತಾಡುವಾಗ ಅವರ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು. "ಅವ್ವನ ನೆನಪಾದ್ರ ಹಿಂಗ ಮುಟ್ಟಿ ನೋಡಕೋತೇನ್ರಿ" ಎಂದರು. ಶೆಕೆಗೆ ಅವರ ಹಣೆ ಬೆವರಿತ್ತು. ಪೌಡರು, ಗಂಧದ ಕ್ರೀಮು ಎಲ್ಲದರ ಕೆಳಗಿನಿಂದ, ಚಿಕ್ಕವಳಿದ್ದಾಗ ನಾನು ಮುಖ ಹುದುಗಿಸಿ ಮಲಗುತ್ತಿದ್ದ ಮಡಿಲಿನ ವಾಸನೆ ಬಂತು. ಎಲ್ಲ ಹೇಳಿಬಿಟ್ಟೆ. ಹೆಪ್ಪು ಯಾರದೆಂದು, ನನ್ನ ಆಯಿ ಏನು ಕೆಲಸ ಮಾಡಿದವಳೆಂದು, ನಾವು ಯಾವ ಪೈಕಿ ಎಂದು, ಈಗ ಅವಳ ಕೈ ಉಳಿಯಲು ಎಲೆಯಗಲದ ಚರ್ಮ ಬೇಕೆಂದು.

ಅವರ ಕೆನ್ನೆಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಇಳಿದ ಕೈಯನ್ನು ಸೀರೆಗೆ ಒರೆಸಿಕೊಂಡರು. ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಹಂಗಾರ ನಮ್ಮವ್ವಂದು?" ಎಂದರು.

"ಬೆಳೀಲಿಲ್ರಿ."

"ಬೆಳೀಲಿಲ್ಲ ಸರಿ. ಎಲ್ಲದ ಅದು?"

ಕಸದ ತೊಟ್ಟಿಗೆ ಹೋಯಿತೆಂದು ಹೇಳಿದೆ. ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಕೂತು ಇನ್ನೊಂದು ಸುಳ್ಳು ಹೇಳಲು ನನಗೇ ಹೇಸಿಗೆಯಾಯಿತು.

ಅವರ ಮುಖ ಕಿವುಚಿಕೊಂಡಿತು. ಅವರ ಮುಖ ಎಂದರೆ ಆಯಿಯ ಚರ್ಮ. ನಮ್ಮಂಥವರು ಕುಡಿದ ಕಪ್ಪನ್ನು ಹೊರಗೆಸೆದ ಮನೆಗಳನ್ನು ಆಯಿ ಎಷ್ಟೋ ಕಂಡಿದ್ದಳು. ಕಪ್ಪನ್ನು ಎಸೆಯಬಹುದು, ಮುಖವನ್ನು ಎಲ್ಲಿ ಎಸೆಯುವುದು? ಅವರು ಎದ್ದು ಬಚ್ಚಲಿಗೆ ಹೋದರು. ಸಾಬೂನು ಹಚ್ಚಿ ತಿಕ್ಕುವ ಸದ್ದು, ನೀರಿನ ಸದ್ದು, ಮತ್ತೆ ತಿಕ್ಕುವ ಸದ್ದು. ಹೊರಗೆ ಬಂದಾಗ ಕೆನ್ನೆಗಳು ಕೆಂಪಾಗಿ ಗೀರು ಬಿದ್ದಿದ್ದವು.

"ನಡೀರಿ. ನಿಮಗ ಬೇಕಾದಷ್ಟ ತಗೊಂಡು ಈಗಿಂದೀಗ ಸುಟ್ಟ ಹಾಕ್ರಿ ಇದನ್ನ. ನನ್ನ ಮ್ಯಾಲ ಇದು ಒಂದ ಗಳಿಗಿ ಇರಬಾರದು."

ಕೊಡಲಾರೆ ಎಂದಿದ್ದರೆ ನಾನು ಅಳುತ್ತ ಬರುತ್ತಿದ್ದೆ. ಅವರ ಅಸಹ್ಯವೇ ನನ್ನ ಬಟ್ಟಲಿಗೆ ಹೆಪ್ಪು ಹಾಕುತ್ತದೆಂದು ನಾನೆಣಿಸಿರಲಿಲ್ಲ.

ತ್ವಚಾಲಯದ ಕುರ್ಚಿಯಲ್ಲಿ ಅವರು ಕಣ್ಣು ಮುಚ್ಚಿ ಒರಗಿದರು. ನಾನು ಎಡಗಿವಿಯ ಹಿಂದಿನಿಂದ ದವಡೆಯ ಕೆಳಗಿನ ತನಕ ಮರಗಟ್ಟಿಸಿ, ಅಲಗಿನಿಂದ ವೀಳ್ಯದೆಲೆಯಗಲದ ಚರ್ಮವನ್ನು ಎತ್ತಿ, ಉಪ್ಪುನೀರಿನ ಬಟ್ಟಲಲ್ಲಿ ಇಟ್ಟೆ. ಅದು ನೀರಲ್ಲಿ ಮೆಲ್ಲಗೆ ಹರಡಿಕೊಂಡಿತು. ಗಾಯ ಮುಚ್ಚಿ ಪಟ್ಟಿ ಹಾಕಿದೆ.

"ನನ್ನ ಕೆಲಸ ಆತ್ರಿ. ಇನ್ನ ಉಳಿದದ್ದು ಸುಡಬೇಕೇನ್ರಿ?"

"ಎಲ್ಲಾ ಸುಡ್ರಿ. ಒಂದ ಚೂರೂ ಬ್ಯಾಡ."

"ಹೆಪ್ಪು ಮುಗದದ. ಸುಟ್ರ ವಾರಗಟ್ಟಲೆ ಹಸಿ ಮುಖ ಇಟಗೊಂಡ ಕೂಡಬೇಕು."

"ಕೂಡತೇನಿ. ಸುಡ್ರಿ."

ಗಂಧದ ಪಟ್ಟಿಯನ್ನು ಕೈಗೆತ್ತಿಕೊಂಡೆ. ಏನನ್ನಿಸಿತೋ, ಕಟ್ಟದೆ ಬದಿಗಿಟ್ಟೆ. ಇಷ್ಟು ವರ್ಷ ಈ ಊರಿನ ಪರವಾಗಿ ನನ್ನ ಮೂಗೊಂದೇ ದುಡಿದಿತ್ತು. ಇನ್ನೊಂದು ಮೂಗು ಜೊತೆಯಾಗಲಿ ಎಂದುಕೊಂಡೆ. ಕಣ್ಣಿಗೆ ಮುಚ್ಚಳವಿಟ್ಟು ಬಲಗೆನ್ನೆಯ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಜಾಗಕ್ಕೆ ಬೆಳಕು ಬಿಟ್ಟೆ. ಚಟ್ ಎಂದಿತು. ಹೊಗೆಯ ಎಳೆ ಎದ್ದಿತು.

ಅವರ ಮೂಗಿನ ಹೊಳ್ಳೆ ಅರಳಿತು. "ಏನ್ರಿ ಇದು ನಾತ?"

"ತೊಗಲ ಸುಟ್ಟದ್ರಿ."

ಹೊಗೆ ಅವರ ಗಂಟಲಿಗಿಳಿಯಿತು. ಕೊನೆಗೆ ಬರುವ ಆ ಸಿಹಿ ನಾಲಗೆಯ ಬುಡಕ್ಕೆ ಮುಟ್ಟಿದ್ದು ಅವರ ಮುಖದಲ್ಲೇ ಕಂಡಿತು. ಮುಚ್ಚಳ ಕಿತ್ತೆಸೆದು ಬಾಗಿದರು, ಬಿಳಿ ಟೈಲ್ಸಿನ ಮೇಲೆ ಮಧ್ಯಾಹ್ನದ ಊಟವೆಲ್ಲ ಬಂತು. ಅವರ ಹಣೆ ಹಿಡಿದುಕೊಂಡು ನಿಂತೆ. ನನ್ನ ಅಂಗೈಯಲ್ಲಿ ಆಯಿಯ ಹಣೆ ಬೆವರುತ್ತಿತ್ತು.

"ಇದು... ಪ್ರತಿ ಸಲಾನೂ ಹಿಂಗ ನಾರತಿತ್ತೇನು? ನಂದೂ?"

"ಎಲ್ಲಾರದೂ ಹಿಂಗ ನಾರತದ್ರಿ. ಬಣ್ಣದ ಮುಚ್ಚಳ ಯಾವದ ಇದ್ರೂ."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಲೇಸರಿನ ಮೂತಿಯನ್ನು ನೋಡಿದರು, ಕನ್ನಡಿಯನ್ನು ನೋಡಿದರು. ಎದ್ದು ನಿಂತರು. "ಬ್ಯಾಡ" ಎಂದರು. ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಉಳಿದ ಮುಖವನ್ನು ಹೊತ್ತುಕೊಂಡು ಹೊರಟುಹೋದರು. ಯಾರಿಗೂ ಏನೂ ಹೇಳಲಿಲ್ಲವೆಂದು ಆಮೇಲೆ ತಿಳಿಯಿತು. ಹೇಳುವುದಾದರೂ ಹೇಗೆ? ನಾಡಗೌಡರು ಇವತ್ತಿಗೂ ಹೊಸ ಹೆಪ್ಪು ಹುಡುಕುತ್ತಿದ್ದಾರೆ. ಬಣ್ಣದ ಮುಚ್ಚಳಗಳನ್ನು ತೊಳೆದು ಸಾಲಾಗಿ ಒಣಹಾಕಿದ್ದಾರೆ. ಗಿರಾಕಿಗಳು ಫೋನಿನಲ್ಲಿ ತಮ್ಮ ತಮ್ಮ ಬಣ್ಣ ಬಂತೇ ಎಂದು ಕೇಳುತ್ತಲೇ ಇದ್ದಾರಂತೆ. ಅಂದು ನೆಲ ತೊಳೆದು ಬಂದವಳು ನಾನು ಮತ್ತೆ ಆ ಕಡೆ ಹೋಗಿಲ್ಲ.

ಬಟ್ಟಲನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಹೋದೆ. ಶಸ್ತ್ರವೈದ್ಯರು ಕೈತೊಳೆಯಲು ಹೋದರು. ಆಯಿಯ ಕೈಯ ಪಟ್ಟಿ ಬಿಚ್ಚಿತ್ತು, ಹಸಿ ಮಾಂಸ ಹೊಳೆಯುತ್ತಿತ್ತು. ಅವಳು ತಲೆ ಎತ್ತಿ ಬಟ್ಟಲಿನತ್ತ ನೋಡಿದಳು.

"ಸಿಕ್ತಾ? ಕೇಳಿ ತಂದಿ ಹೌದಲ್ಲೋ?"

"ಕೇಳೇ ತಂದೇನಿ ಆಯಿ."

"ಇತ್ತಾಗ ತಾ, ನೋಡೂಣು." ಬಟ್ಟಲನ್ನು ಮುಖದ ಹತ್ತಿರ ಹಿಡಿದೆ. ಆಯಿ ಜೀವಮಾನವೆಲ್ಲ ತೊಗಲನ್ನು ಮೂಸಿ ಹದ ನೋಡಿದವಳು, ಹಾಗೇ ಮೂಸಿದಳು. ಗಂಧದ ಕ್ರೀಮು, ಸಾಬೂನು, ಪೌಡರು ಎಲ್ಲ ಒಟ್ಟಿಗೆ ಬಡಿದಿರಬೇಕು. ಅವಳ ಮೂಗು ಸೊಟ್ಟಗಾಯಿತು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಲಗೈಯಿಂದ ಸೆರಗೆಳೆದು ಮೂಗಿಗೆ ಹಿಡಿದಳು.

"ಛೀ! ಯಾರ ಮನಿ ಹೆಪ್ಪ ಇದು?"

"ನಮ್ಮ ಮನಿದ ಆಯಿ. ನಿಂದ."

"ನಂದು ಹಿಂಗ ನಾರಂಗಿಲ್ಲ."

"ಮಂದಿ ಮನ್ಯಾಗ ಇದ್ದ ಬಂದೈತಿ."

ಆಯಿ ಮೂಗಿನ ಸೆರಗು ತೆಗೆಯದೆಯೇ ಗಾಯದ ಕೈಯನ್ನು ಮೆಲ್ಲಗೆ ನನ್ನತ್ತ ಚಾಚಿದಳು.

"ಹಂಗಾರ ಮದ್ಲ ಚಂದಂಗ ತೊಳಿ. ಆಮ್ಯಾಲ ಹಚ್ಚು."